ನಟರಾಜು ಶೆಡ್ಡಿನ ಏಳು ಮೀಟರ್ ಮೀನು

ಚನ್ನಪಟ್ಟಣದ ನಟರಾಜುವಿಗೆ ಅರವತ್ನಾಲ್ಕು ವಿದ್ಯೆಗಳಲ್ಲಿ ಬಾರದಿದ್ದದ್ದು ಒಂದೇ. ಅದು "ಗೊತ್ತಿಲ್ಲ" ಎನ್ನುವ ವಿದ್ಯೆ. ಉಳಿದದ್ದೆಲ್ಲ ಬರುತ್ತಿತ್ತೆಂದು ಅರ್ಥವಲ್ಲ. ಬರುವುದಿಲ್ಲವೆಂದು ಅವನು ಯಾರ ಬಳಿಯೂ ಬಾಯಿ ಬಿಟ್ಟಿರಲಿಲ್ಲ, ಅಷ್ಟೆ. ಬೆಂಗಳೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಯಾರಾದರೂ ಕೇಳಿದರೆ ಬಾಯಿಗೆ ಬಂದ ಒಂದು ಹೊತ್ತು ಹೇಳಿಬಿಡುತ್ತಿದ್ದ. ಮೈಸೂರು ರಸ್ತೆಯಲ್ಲಿ ಯಾವ ಹೊತ್ತಿಗೆ ಹೋಗಿ ನಿಂತರೂ ಒಂದಲ್ಲ ಒಂದು ಬಸ್ಸು ಬರುತ್ತಿದ್ದುದರಿಂದ ಅವನ ಮರ್ಯಾದೆಗೆ ಈವರೆಗೆ ಊನವಾಗಿರಲಿಲ್ಲ.

ಮನೆಗೆ ಅಂಟಿಕೊಂಡಂತೆ ಅವನದೊಂದು ಬೊಂಬೆ ಶೆಡ್ಡಿತ್ತು. ಶೀಟಿನ ಮಾಡು, ಕೆಳಗೆ ಲೇತ್ ಯಂತ್ರ, ಮೂಲೆಯಲ್ಲಿ ಆಲೆಮರದ ತುಂಡುಗಳ ರಾಶಿ, ಅರಗಿನ ಬಣ್ಣದ ಕಡ್ಡಿಗಳು. ಮರ ಕಡೆಯುವವನು ಮುನಾವರ್. ಬಣ್ಣ ಬರೆಯಲು ಬೀದಿಯ ಇಬ್ಬರು ಹೆಂಗಸರು. ಆದರೆ ಕಾಲ ಚೆನ್ನಾಗಿರಲಿಲ್ಲ. ಬಿಡದಿಯ ಸುತ್ತಮುತ್ತ ಫ್ಯಾಕ್ಟರಿಗಳು ಎದ್ದಿದ್ದವು. ಬೆಳಗಾದರೆ ಕಂಪನಿ ಬಸ್ಸು ಬಂದು ಹಾರನ್ ಹೊಡೆದು ಬೀದಿಯ ಅರ್ಧ ಜನರನ್ನು ತುಂಬಿಕೊಂಡು ಹೋಗುತ್ತಿತ್ತು. ಉಳಿದ ಅರ್ಧ ಜನರ ಮಕ್ಕಳು ಚೀನಾದ ಪ್ಲಾಸ್ಟಿಕ್ ಬೊಂಬೆಗಳಲ್ಲಿ ಆಡುತ್ತಿದ್ದರು. ಗಿಲಕಿ, ಬುಗುರಿಗಳನ್ನು ಕೇಳುವವರಿಲ್ಲದೆ ಮುನಾವರ್ ಕೂಡ ಒಂದು ದಿನ, "ಸಾರ್, ನಾನೂ ಆ ಬಸ್ ಹತ್ಬಿಡ್ಲಾ?" ಎಂದು ಕೇಳಿದ್ದ. ನಟರಾಜು, "ಒಸಿ ತಡ್ಕೊ, ದೊಡ್ಡದೊಂದು ಆರ್ಡರ್ ಬತ್ತಾ ಐತೆ" ಎಂದಿದ್ದ. ಆ ಮಾತಿಗೂ ಬುಡ ಇರಲಿಲ್ಲ. ಆದರೆ ಬಸ್ಸಿನ ವಿಷಯದಲ್ಲಿ ಆಗುತ್ತಿದ್ದಂತೆ ಇಲ್ಲೂ ಆಯಿತು: ಆರ್ಡರ್ ಬಂದೇಬಿಟ್ಟಿತು.

ತಂದವಳು ಭಾನುಪ್ರಿಯ, ಬೆಂಗಳೂರಿನ ಒಂದು ರಫ್ತು ಕಂಪನಿಯವಳು. ಸಂಕ್ರಾಂತಿ ಕಳೆದ ವಾರ ಕಾರಿನಲ್ಲಿ ಬಂದು ಶೆಡ್ಡಿನ ಸ್ಟೂಲಿನ ಮೇಲೆ ಕುಳಿತು ಲ್ಯಾಪ್‌ಟಾಪ್ ತೆರೆದಳು.

"ಸರ್, ವಿದೇಶದ ಒಂದು ಕಡಲ ಮ್ಯೂಸಿಯಂಗೆ ಮರದ ಆಟಿಕೆ ಬೇಕಂತೆ. ಮ್ಯಾಂಟಾ ಮೀನಿಂದು. ನಿಮಗೆ ಮ್ಯಾಂಟಾ ಗೊತ್ತಾ?"

ನಟರಾಜುವಿನ ತಲೆಯೊಳಗೆ ಹೊಳೆದದ್ದು ಪೆಟ್ರೋಮ್ಯಾಕ್ಸ್ ದೀಪದ ಮ್ಯಾಂಟಲು. ಆದರೂ ಅವನು ರೆಪ್ಪೆ ಬಡಿಯದೆ, "ಗೊತ್ತಿಲ್ದೆ ಏನ್ ಮೇಡಂ. ಮಂಗಳೂರಲ್ಲಿ ನೋಡಿಲ್ವೆ" ಎಂದ.

ಮಂಗಳೂರಿಗೆ ಅವನು ಒಮ್ಮೆ ಹೋಗಿದ್ದು ನಿಜ. ಸ್ನೇಹಿತನೊಬ್ಬನ ಮದುವೆಗೆ ಹೋಗಿ, ಸಮುದ್ರದ ದಡದಲ್ಲಿ ಚಪ್ಪಲಿ ಕಳೆದುಕೊಂಡು ಬಂದಿದ್ದ. ಮೀನು ನೋಡಿದ್ದು ಎಲೆಯ ಮೇಲೆ, ಮಸಾಲೆಯೊಳಗೆ.

ಭಾನುಪ್ರಿಯ ಪರದೆಯ ಮೇಲೆ ಚಿತ್ರ ತೋರಿಸಿದಳು. ಕರಿ ಕಂಬಳಿ ಹೊದ್ದ ಬಾವಲಿಯೊಂದು ನೀರೊಳಗೆ ರೆಕ್ಕೆ ಬಿಚ್ಚಿ ಹಾರುವಂತಿತ್ತು ಅದು. ಬಾಯಿಯ ಎರಡು ಬದಿಗೆ ಕೊಂಬಿನಂಥ ಎರಡು ಮಡಿಕೆ. ಮ್ಯೂಸಿಯಂನವರಿಗೆ ಬೇಕಾದದ್ದು ಒಂದು ಬಗೆಯಲ್ಲ, ಹತ್ತಿರದ ಸಂಬಂಧಿಗಳಾದ ಎರಡು ಬಗೆ ಎಂದಳು. ಒಂದು ಏಳು ಮೀಟರ್‌ವರೆಗೂ ಬೆಳೆಯುವ ಸಾಗರದ ಮ್ಯಾಂಟಾ, ಇನ್ನೊಂದು ಐದು ಮೀಟರಿನ ಆಸುಪಾಸಿನ ಹವಳದ ದಿಬ್ಬಗಳ ಮ್ಯಾಂಟಾ. ಆಟಿಕೆಯಲ್ಲಿ ದೊಡ್ಡದನ್ನು ಅಂಗೈಯಗಲಕ್ಕೆ, ಇನ್ನೊಂದನ್ನು ಅದಕ್ಕಿಂತ ಚಿಕ್ಕದಾಗಿ ಮಾಡಬೇಕು. ಮಕ್ಕಳು ಎರಡನ್ನೂ ಕೈಯಲ್ಲಿ ಹಿಡಿದು ವ್ಯತ್ಯಾಸ ಗುರುತಿಸಬೇಕು. ಒಂದಕ್ಕೆ ಬಾಯಿಯ ಸುತ್ತ ಕಪ್ಪು, ಇನ್ನೊಂದಕ್ಕೆ ಬಿಳಿ. ಹೆಗಲ ಮೇಲೆ ಒಂದಕ್ಕೆ ಇಂಗ್ಲಿಷಿನ ಟೀ ಅಕ್ಷರ, ಇನ್ನೊಂದಕ್ಕೆ ವೈ.

ಇಷ್ಟನ್ನೂ ಅವಳು ಹೇಳುವಾಗ ನಟರಾಜು ಸುಮ್ಮನೆ ಕೇಳಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ. ಅವನು ಮಾತು ಮಾತಿಗೂ "ಗೊತ್ತು ಮೇಡಂ" ಎನ್ನುತ್ತ, ನಡುನಡುವೆ ಮಂಗಳೂರಿನ ಮದುವೆಯನ್ನೂ ವರ್ಣಿಸುತ್ತಿದ್ದ.

"ಫೋಟೋ ಕಳಿಸ್ಲಾ ಸರ್?"

"ಬ್ಯಾಡಿ ಮೇಡಂ. ಎಲ್ಲಾ ಮನಸ್ನಲ್ಲೇ ಐತೆ."

ಕಾರು ತಿರುವು ದಾಟುತ್ತಿದ್ದಂತೆ ಮುನಾವರ್ ಕೇಳಿದ, "ಸಾರ್, ದೊಡ್ಡದಕ್ಕೆ ಯಾವ ಬಾಯಿ? ಕರೀದಾ, ಬಿಳೀದಾ?"

ನಟರಾಜು ಮನಸ್ಸಿನೊಳಗೆ ಇಣುಕಿದ. ಅಲ್ಲಿ ಎರಡು ಬಾಯಿಗಳು ತೇಲುತ್ತಿದ್ದವು, ಮೀನುಗಳು ಕಾಣಲಿಲ್ಲ. ಹೆಗಲಿನ ಗುರುತು ಮಾತ್ರ ನೆನಪಿತ್ತು. "ದೊಡ್ಡದಕ್ಕೆ ಟೀ" ಎಂದು ಅವಳು ಹೇಳಿದಾಗಲೇ ಹೆಂಡತಿ ಲತಾಮಣಿ ದೊಡ್ಡ ಲೋಟದಲ್ಲಿ ಟೀ ತಂದಿಟ್ಟಿದ್ದಳು. ಬಾಯಿಗೆ ಅಂಥ ಅದೃಷ್ಟ ಇರಲಿಲ್ಲ.

"ಫೋನ್ ಮಾಡಿ ಕೇಳ್ರಿ" ಎಂದಳು ಲತಾಮಣಿ.

"ಗೊತ್ತು ಅಂತ ಹೇಳ್ಬುಟ್ಟಿವ್ನಿ. ಈಗ ಕೇಳಿದ್ರೆ ಏನಂದ್ಕೊಂಡಾಳು?"

"ಗೊತ್ತಿಲ್ಲ ಅಂದ್ಕೋತಾಳೆ. ಅದು ನಿಜಾನೇ ಅಲ್ವ."

ನಟರಾಜು ಬೈಕು ಹತ್ತಿದ. ಊರಾಚೆ ಮೀನುಮರಿ ಸಾಕುವ ಕೇಂದ್ರವೊಂದಿತ್ತು. ಅಲ್ಲಿನ ರಾಮಲಿಂಗಯ್ಯ ಸಾಹೇಬರು ಕೆರೆಗಳಿಗೆ ಕಾಟ್ಲಾ, ರೋಹು ಮರಿ ಬಿಡಿಸುತ್ತಿದ್ದವರು. ಸಮುದ್ರ ಅವರ ಹೋಬಳಿಗೆ ಸೇರಿರಲಿಲ್ಲ. ಆದರೆ "ಗೊತ್ತಿಲ್ಲ" ಎನ್ನುವ ವಿದ್ಯೆಯಲ್ಲಿ ಅವರೂ ನಟರಾಜುವಿನಷ್ಟೇ ಹಿಂದುಳಿದಿದ್ದರು.

"ಸಾರ್, ಮ್ಯಾಂಟಾ ಅಂತ ಮೀನು. ದೊಡ್ಡದಕ್ಕೆ ಬಾಯಿ ಕರೀದೋ ಬಿಳೀದೋ?"

ರಾಮಲಿಂಗಯ್ಯನವರು ಕನ್ನಡಕ ತೆಗೆದು ಒರೆಸಿದರು. ಫ್ಯಾನು ನೋಡಿದರು. ಆಮೇಲೆ, "ನೋಡಿ ನಟರಾಜು, ದೊಡ್ಡ ಮೀನು ದೊಡ್ಡ ನೀರಲ್ಲಿ ಇರುತ್ತೆ. ದೊಡ್ಡ ನೀರಲ್ಲಿ ಬಾಯಿ ತೊಳೆದು ತೊಳೆದು ಬಿಳಿಯಾಗುತ್ತೆ. ಸೈನ್ಸು" ಎಂದರು.

ಸೈನ್ಸೇ ಹೇಳಿದ ಮೇಲೆ ನಟರಾಜುವಿಗೆ ಸಂಶಯ ಉಳಿಯಲಿಲ್ಲ. ದೊಡ್ಡ ಮೀನಿಗೆ ಬಿಳಿಬಾಯಿ, ಚಿಕ್ಕದಕ್ಕೆ ಕರಿಬಾಯಿ ಎಂದು ತೀರ್ಮಾನವಾಯಿತು. ಡಿಸೈನು ಕದ್ದಾರೆಂದು ಶೆಡ್ಡಿನ ಕಿಟಕಿಗೆ ಗೋಣಿತಾಟು ಕಟ್ಟಿಸಿ, ಮುನಾವರ್‌ಗೂ ಬಣ್ಣದ ಹೆಂಗಸರಿಗೂ ಒಳಗಿನ ಸುದ್ದಿ ಹೊರಗೆ ಹೋಗಕೂಡದೆಂದು ಆಣೆ ಹಾಕಿಸಿದ. ಮುನಾವರ್ ಮರವನ್ನು ತಟ್ಟೆಯಂತೆ ಕಡೆದು, ಕೊಯ್ದು ರೆಕ್ಕೆ ಮಾಡಿ, ನುಣ್ಣಗೆ ಉಜ್ಜಿ ಜೋಡಿಸುತ್ತ ಹೋದ. ಕುಕ್ಕೆಗಟ್ಟಲೆ ಮೀನು ತಯಾರಾದವು. ನೋಡಲು ಚೆನ್ನಾಗಿಯೇ ಇದ್ದವು, ಪಾಪ. ತಪ್ಪು ಬಾಯಿ ಎಂದು ಅವಕ್ಕೇನು ಗೊತ್ತು.

ಕೆಲಸ ಮುಗಿಯುವ ಹೊತ್ತಿಗೆ ಭಾನುಪ್ರಿಯಳ ಫೋನು ಬಂತು. ಮೊಬೈಲು ಕೊಂಡು ವರ್ಷವಾಗಿದ್ದರೂ ನಟರಾಜುವಿನ ಮನೆಯೊಳಗೆ ಸಿಗ್ನಲ್ ಕಾಲಿಟ್ಟಿರಲಿಲ್ಲ. ಮಾತಾಡಬೇಕಾದರೆ ಮಹಡಿ ಹತ್ತಿ ನೀರಿನ ಟ್ಯಾಂಕಿನ ಪಕ್ಕ ಒಂಟಿಕಾಲಲ್ಲಿ ನಿಲ್ಲಬೇಕು. ನಿಂತರೂ ಆ ಕಡೆಯವರಿಗೆ ಕೇಳುತ್ತದೆಂಬ ನಂಬಿಕೆ ಇಲ್ಲದ್ದರಿಂದ ಅವನು ಚನ್ನಪಟ್ಟಣದಿಂದ ನೇರವಾಗಿ ಬೆಂಗಳೂರಿಗೇ ಕೂಗುವವನಂತೆ ಕೂಗುತ್ತಿದ್ದ.

"ಹ್ಞೂ ಮೇಡಂ, ಎಲ್ಡು ಮೀನೂ ರೆಡಿ ಅವೆ. ಗೊತ್ತು ಮೇಡಂ, ದೊಡ್ಡದು ಏಳು ಮೀಟ್ರು, ಚಿಕ್ಕದು ಐದು ಮೀಟ್ರು. ಶೆಡ್ನಲ್ಲೇ ಮಡಗಿವ್ನಿ. ಯಾರ್ಗೂ ತೋರ್ಸಿಲ್ಲ. ಗುರ್ವಾರ ಬನ್ನಿ, ಮುಂದೆ ನಿಂತು ನೋಡಿ ತಕ್ಕೊಂಡೋಗಿ."

ಪಕ್ಕದ ಮಹಡಿಯಲ್ಲಿ ಅಕ್ಬರಿ ಬೇಗಂ ಮೆಣಸಿನಕಾಯಿ ಹರವುತ್ತಿದ್ದರು. ಆ ಬೀದಿಗೆ ಅವರೇ ಹಿರಿಯರು. ಅವರ ಕೈ ಮೆಣಸಿನಕಾಯಿಯ ಮೇಲೆಯೇ ನಿಂತುಬಿಟ್ಟಿತು.

ಸಂಜೆ ಗೋಡೆಯ ಆಚೆಯಿಂದ ಅವರು ಲತಾಮಣಿಯನ್ನು ಕರೆದರು. "ಲತಾ, ನಮಗೂ ಒಂದ್ ತುಂಡು ಇಟ್ಟಿರಮ್ಮ. ತಲೆ ಕಡೇದು ಬೇಡ, ಹೊಟ್ಟೆ ಕಡೇದು."

"ಏನ್ ತುಂಡು ಅಕ್ಕಾ?"

"ಇರ್ಲಿ ಇರ್ಲಿ. ನಾನ್ ಯಾರಿಗೂ ಹೇಳಾಕಿಲ್ಲ."

ಅವರು ಯಾರಿಗೂ ಹೇಳಲಿಲ್ಲ. ತಮ್ಮ ತಂಗಿಗೆ ಮಾತ್ರ ಹೇಳಿದರು. ತಂಗಿಯೂ ಹಾಗೆಯೇ ಇನ್ನೊಬ್ಬರಿಗೆ ಮಾತ್ರ ಹೇಳಿದಳು. ಹೀಗೆ ಯಾರೂ ಯಾರಿಗೂ ಹೇಳದೆ ಮರುದಿನ ಬೆಳಗಾಗುವುದರೊಳಗೆ ಇಡೀ ಪೇಟೆಗೆ ಗೊತ್ತಾಗಿತ್ತು: ನಟರಾಜು ಸಮುದ್ರದಿಂದ ಎರಡು ರಾಕ್ಷಸ ಮೀನು ತರಿಸಿ ಶೆಡ್ಡಿನಲ್ಲಿ ಬಚ್ಚಿಟ್ಟಿದ್ದಾನೆ, ಅವಕ್ಕೆ ಕೊಂಬಿವೆ, ಬೆಂಗಳೂರಿನ ದೊಡ್ಡ ಹೋಟೆಲಿನವರು ಗುರುವಾರ ಬಂದು ಒಯ್ಯುತ್ತಾರೆ.

ಮೊದಲು ಬಂದವನು ಐಸು ಮಾರುವವನು. ಶೆಡ್ಡನ್ನು ಉದ್ದಕ್ಕೂ ಅಡ್ಡಕ್ಕೂ ಹೆಜ್ಜೆ ಹಾಕಿ ಅಳೆದು, "ಅಣ್ಣ, ಏಳು ಮೀಟ್ರು ಅಂದ್ರೆ ಮೂಲೆಯಿಂದ ಮೂಲೆಗೆ ಮಲಗ್ಸಿದ್ದೀರ ಅನ್ಸುತ್ತೆ. ಒಂದ್ ಲೋಡ್ ಐಸ್ ಇಳಿಸ್ಲಾ? ಈ ಬಿಸಿಲಿಗೆ ನಾಳೆ ಹೊತ್ಗೆ ಬೀದೀಲಿ ಯಾರೂ ಇರಂಗಿಲ್ಲ" ಎಂದ.

"ಅದು ಮರದ ಮೀನು ಕಣಯ್ಯ" ಎಂದ ನಟರಾಜು.

ಐಸಿನವನು ಗೋಣಿತಾಟಿನ ಕಡೆಗೊಮ್ಮೆ ನೋಡಿ ಅರ್ಥವಾದವನಂತೆ ತಲೆಯಾಡಿಸಿದ. ಮಧ್ಯಾಹ್ನದ ಹೊತ್ತಿಗೆ ಪೇಟೆಯಲ್ಲಿ, ಅದು ಮರದ ಮೀನು ಎನ್ನುವ ಬಲು ಅಪರೂಪದ ಜಾತಿ, ಬೇಯಿಸಲು ಒಂದು ದಿನ ಬೇಕು ಎಂಬ ಸುದ್ದಿ ಇತ್ತು. ನಟರಾಜು ಒಬ್ಬೊಬ್ಬರಿಗೂ ಇಲ್ಲವೆಂದು ಹೇಳುತ್ತ ಹೋದ. ಜನ್ಮವಿಡೀ ಎಲ್ಲದಕ್ಕೂ ಹೌದು ಎಂದವನು ಮೊದಲ ಸಲ ಇಲ್ಲ ಎಂದಾಗ ಯಾರು ನಂಬುತ್ತಾರೆ? ಒಳಗೆ ಬಿಟ್ಟು ತೋರಿಸೋಣವೆಂದರೆ ಡಿಸೈನಿನ ಭಯ. ಮುನಾವರ್‌ನನ್ನು ಕೇಳಿದರೆ, ಆಣೆ ಹಾಕಿದ್ದ ಆ ಪ್ರಾಮಾಣಿಕ, "ನಾನ್ ಏನೂ ಹೇಳಂಗಿಲ್ಲ" ಎಂದು ಕಿವಿ ಮುಟ್ಟಿಕೊಳ್ಳುತ್ತಿದ್ದ. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಗುರುವಾರ ಬೆಳಗ್ಗೆ ಮನೆಯ ಮುಂದೆ ಟೆಂಪೋ ನಿಂತಿತು. ಅದರಿಂದ ಇಳಿದವನು ಲತಾಮಣಿಯ ಅಣ್ಣ, ಉಯ್ಯಂಬಳ್ಳಿಯ ಮರಿಯಪ್ಪ. ಅವನ ಹಿಂದೆ ಅವನ ಹೆಂಡತಿ ಶಿವಲಿಂಗಮ್ಮ. ಅವಳ ಹಿಂದೆ ಅತ್ತೆ, ಚಿಕ್ಕಮ್ಮ, ಷಡ್ಡಕ, ಷಡ್ಡಕನ ಮನೆಯವರು. ಕೊನೆಗೆ ಇಳಿದದ್ದು ಮದುವೆಮನೆಯ ಕೊಳಗ, ರಾಗಿಹಿಟ್ಟಿನ ಮೂಟೆ ಮತ್ತು ಬಾಳೆಲೆ ಮುಚ್ಚಿದ ಒಂದು ಬಕೆಟ್ಟು ಅರೆದ ಮಸಾಲೆ.

"ಭಾವ, ಇದೇನು ಎಲ್ರೂ ಒಟ್ಗೆ?" ಎಂದ ನಟರಾಜು.

ಮರಿಯಪ್ಪ ಜಗುಲಿಯ ಮೇಲೆ ಕುಳಿತು ಟವೆಲಿನಿಂದ ಮುಖ ಒರೆಸಿಕೊಂಡ. ಅವನದು ತೂಕದ ಮಾತು. "ನಟರಾಜು, ಹೆಣ್ ಕೊಟ್ಟ ಮನೆಯೋರು ನಾವು. ಏಳು ಮೀಟ್ರು ಮೀನು ತಂದ್ರೆ ಒಂದ್ ಮಾತು ಹೇಳ್ಬೇಕಾಗಿತ್ತು. ಕನಕಪುರದ ಸಂತೇಲಿ ಯಾರೋ ಹೇಳಿದ್ರು ಅಂತ ನಮ್ಗೆ ಗೊತ್ತಾಗ್ಬೇಕಾ? ಹೋಗ್ಲಿ ಬುಡು. ನಾವು ಮನಸ್ನಲ್ಲಿ ಮಡಿಕ್ಕೊಳ್ಳಾಕಿಲ್ಲ. ಮಸಾಲೆ ನಾವೇ ತಂದಿವಿ."

"ಭಾವ, ಅದು ಮರದ್ದು."

"ಗಟ್ಟಿ ಆಗಿದ್ರೂ ಪರವಾಗಿಲ್ಲ. ಬೇಯೋ ತಂಕ ಕಾಯ್ತೀವಿ."

ಶಿವಲಿಂಗಮ್ಮ ಆಗಲೇ ಅಂಗಳದಲ್ಲಿ ಮೂರು ಕಲ್ಲು ಹೂಡುತ್ತಿದ್ದಳು. ಲತಾಮಣಿ ಗಂಡನ ಮುಖವನ್ನೂ ಅಣ್ಣನ ಕೊಳಗವನ್ನೂ ನೋಡಿ, ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಅಳುವುದಕ್ಕಂತೂ ಅಲ್ಲ.

ಅಷ್ಟರಲ್ಲಿ ಜೀಪು ಬಂತು. ರಾಮಲಿಂಗಯ್ಯ ಸಾಹೇಬರು ಇಳಿದು, ಸೇರಿದ್ದ ಜನವನ್ನು ಕಂಡು ಎದೆ ಸೆಟೆಸಿದರು. "ನಟರಾಜು, ನನ್ ಹತ್ರಾನೇ ಬಾಯಿ ಬಣ್ಣ ಕೇಳ್ಕೊಂಡು ಹೋಗಿ, ಪರ್ಮಿಶನ್ ಇಲ್ಲದೆ ತಿಮಿಂಗಿಲ ತರಿಸಿದ್ದೀರಂತೆ. ನನ್ನ ಕೆಲಸಕ್ಕೆ ಸಂಚಕಾರ ತರ್ತೀರಾ? ಬಾಗಿಲು ತೆಗೀರಿ."

"ತಿಮಿಂಗಿಲ ಅಲ್ಲ ಸಾರ್, ಮ್ಯಾಂಟಾ."

"ಯಾವುದೋ ಒಂದು. ಸತ್ತಿದೆಯೋ, ಬದುಕಿದೆಯೋ?"

ಅಕ್ಬರಿ ಬೇಗಂ ಗೋಡೆಯ ಮೇಲಿಂದಲೇ ಸಾಕ್ಷಿ ನುಡಿದರು. "ಬದುಕಿರ್ಬೇಕು ಸಾಬ್. ವಾಸನೇನೇ ಇಲ್ಲ."

ಈ ಮಾತಿಗೆ ಶೆಡ್ಡಿನ ಬಾಗಿಲ ಬಳಿ ನಿಂತಿದ್ದವರು ಒಂದು ಮಾರು ಹಿಂದೆ ಸರಿದರು. ಐಸಿನವನು ತನ್ನ ಸೈಕಲ್ಲನ್ನು ಇನ್ನೂ ದೂರಕ್ಕೆ ತಳ್ಳಿಕೊಂಡು ಹೋದ.

ಆ ಗದ್ದಲದ ನಡುವೆ ಭಾನುಪ್ರಿಯಳ ಕಾರು ಬಂದು ನಿಂತಿತು. ಅವಳ ಜೊತೆ ಮ್ಯೂಸಿಯಂನ ಪರವಾಗಿ ಮೀನು ಪರೀಕ್ಷಿಸಲು ಒಬ್ಬ ವಿಜ್ಞಾನಿ ಬರುತ್ತಾರೆಂದು ಗೊತ್ತಿತ್ತು. ಬಿಳಿಯರು ಯಾರೋ ಇಳಿಯುತ್ತಾರೆಂದು ನಟರಾಜು ಹಿಂದಿನ ದಿನದಿಂದ ಇಂಗ್ಲಿಷಿನಲ್ಲಿ ಒಂದು ನಮಸ್ಕಾರ ಅಭ್ಯಾಸ ಮಾಡಿಟ್ಟುಕೊಂಡಿದ್ದ. ಇಳಿದದ್ದು ಹತ್ತಿಯ ಚೂಡಿದಾರದ, ತಲೆಯ ಮೇಲೆ ದುಪಟ್ಟಾ ಹೊದ್ದ ಒಬ್ಬ ಹುಡುಗಿ. ಜನವನ್ನು ನೋಡಿ, ಒಲೆಯನ್ನು ನೋಡಿ, ಕೊಳಗವನ್ನು ನೋಡಿ ಅವಳು ಕೇಳಿದಳು, "ಏನ್ ಊಟ ಹಾಕಿಸ್ತಾ ಇದೀರಾ?"

ಅಕ್ಬರಿ ಬೇಗಂ ಕಣ್ಣು ಕಿರಿದು ಮಾಡಿ ನೋಡಿದರು. "ನೀನು ರಾಮನಗರದ ರೇಷ್ಮೆ ಬಿಚ್ಚೋ ಶರೀಫ್ ಸಾಬ್ರ ಮಗಳು ಸುಹಾನಾ ಅಲ್ವ?"

"ಹೌದು ಖಾಲಾ."

ಪಕ್ಕದ ಊರಿನ ಹುಡುಗಿ ಎಂದು ತಿಳಿದ ಕೂಡಲೇ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಸುಹಾನಾ ಮಂಗಳೂರಿನಲ್ಲಿ ಮೀನಿನ ಶಾಸ್ತ್ರ ಓದಿ, ಕಡಲೊಳಗೆ ಇಳಿದು ಮ್ಯಾಂಟಾಗಳನ್ನೇ ಹುಡುಕಿಕೊಂಡು ತಿರುಗುವವಳು ಎಂದು ಭಾನುಪ್ರಿಯ ಹೇಳಿದಳು. ನಟರಾಜುವಿನ ಇಂಗ್ಲಿಷ್ ನಮಸ್ಕಾರ ಗಂಟಲಲ್ಲೇ ಉಳಿಯಿತು. ಬೇರೆ ದಾರಿ ಇಲ್ಲದೆ ಅವನು ಶೆಡ್ಡಿನ ಬೀಗ ತೆಗೆದ.

ಜನ ಒಳಗೆ ಇಣುಕಿದರು. ಏಳು ಮೀಟರ್ ಇರಲಿ, ಏಳು ಅಂಗುಲ ದಾಟಿದ್ದು ಒಂದೂ ಇರಲಿಲ್ಲ. ಕುಕ್ಕೆಗಳ ತುಂಬ ಮರದ ಮೀನುಗಳು ರೆಕ್ಕೆ ಚಾಚಿ ಒಂದರ ಮೇಲೊಂದು ಮಲಗಿದ್ದವು. ಮರಿಯಪ್ಪ ಒಂದನ್ನು ಎತ್ತಿ ಮೂಸಿ, ತಂಗಿಯ ಗಂಡನನ್ನು ಆಳವಾಗಿ ನೋಡಿ, "ಮರದ್ದೇ ಕಣಪ್ಪ" ಎಂದ. ಆ ದನಿಯಲ್ಲಿ ಜೀವಮಾನದಲ್ಲಿ ಮೊದಲ ಸಲ ನಟರಾಜು ಹೇಳಿದ್ದು ನಿಜವಾಯಿತಲ್ಲ ಎಂಬ ಬೆರಗಿತ್ತು.

ಸುಹಾನಾ ದೊಡ್ಡದೊಂದನ್ನು ಕೈಗೆತ್ತಿಕೊಂಡು ಮಗುಚಿದಳು. ಚಿಕ್ಕದೊಂದನ್ನು ಎತ್ತಿಕೊಂಡಳು. ಎರಡನ್ನೂ ಮುಖಾಮುಖಿ ಹಿಡಿದು, "ಕೆಲಸ ಎಷ್ಟು ಚೆನ್ನಾಗಿದೆ" ಎಂದಳು. ಮುನಾವರ್‌ನ ಮುಖ ಅರಳಿತು. "ಆದ್ರೆ ಈ ಬಾಯಿ... ಇದು ಯಾವ ಮೀನು ಅಣ್ಣ?"

ನಟರಾಜು ರಾಮಲಿಂಗಯ್ಯನವರ ಕಡೆ ನೋಡಿದ. ಸೈನ್ಸು ಹೇಳಿದ್ದ ಸಾಹೇಬರು ಶೆಡ್ಡಿನ ಶೀಟನ್ನು ಪರೀಕ್ಷಿಸುತ್ತಿದ್ದರು. ಮುನಾವರ್‌ನ ಕಡೆ ನೋಡಿದ. ಅವನ ಕಣ್ಣಿನಲ್ಲಿ ಕಂಪನಿ ಬಸ್ಸು ಹಾರನ್ ಹೊಡೆಯುತ್ತಿತ್ತು. ಇಂಥ ಹೊತ್ತಿನಲ್ಲಿ ಹೇಳಲು ನಟರಾಜುವಿನ ಬಳಿ ಯಾವಾಗಲೂ ಏನಾದರೂ ಇರುತ್ತಿತ್ತು. ಅವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ನಂಗೊತ್ತಿಲ್ಲ ಮೇಡಂ" ಎಂದ.

ಲತಾಮಣಿ ಒಳಗಿನಿಂದ ಓಡಿ ಬಂದಳು, ಗಂಡನಿಗೆ ಏನೋ ಆಗಿದೆಯೆಂದು.

"ಮೇಡಂ ಹೇಳ್ದಾಗ ನಾನು ಕೇಳಿಸ್ಕೊಳ್ಲಿಲ್ಲ. ಈ ಮೀನ ನಾನು ಹುಟ್ದಾಗಿಂದ ನೋಡಿಲ್ಲ. ಮಂಗ್ಳೂರಲ್ಲಿ ನಾನು ನೋಡಿದ್ದು ಬಂಗಡೆ. ಅದೂ ಹುರಿದಿದ್ದು. ಮುನಾವರ್‌ದೇನೂ ತಪ್ಪಿಲ್ಲ, ಅವ್ನು ನಾ ಹೇಳ್ದಂಗೆ ಮಾಡ್ದ." ಇಷ್ಟು ಹೇಳಿ ಅವನು ಮರದ ರಾಶಿಯ ಮೇಲೆ ಕುಳಿತುಬಿಟ್ಟ. ಮೈಯಿಂದ ದೊಡ್ಡದೊಂದು ಮೂಟೆ ಇಳಿಸಿದವನಂತೆ ಕಾಣುತ್ತಿದ್ದ, ಮೂಟೆ ಕಾಲಿನ ಮೇಲೆ ಬಿದ್ದವನಂತೆಯೂ.

ಭಾನುಪ್ರಿಯ ಹಣೆ ಹಿಡಿದುಕೊಂಡಳು. ವ್ಯಾನು ನಾಳೆ ಬೆಳಗ್ಗೆ ಬರುತ್ತದೆ, ಹಡಗು ಕಾಯುವುದಿಲ್ಲ. ಆದರೆ ಸುಹಾನಾ ನಗುತ್ತಿದ್ದಳು, ಹಂಗಿಸುವ ನಗೆಯಲ್ಲ.

"ಅಣ್ಣ, ನೀವೊಬ್ರೇ ಅಲ್ಲ. ಮೊನ್ನೆ ಮೊನ್ನೆಯ ತನಕ ದೊಡ್ಡ ದೊಡ್ಡ ಪಂಡಿತರೇ ಇವೆರಡೂ ಒಂದೇ ಮೀನು ಅಂತಿದ್ರು. ನೂರಾರು ವರ್ಷ ಸಮುದ್ರದಲ್ಲಿ ನೋಡಿದೋರೇ ತಪ್ಪಿದ್ದಾರೆ. ನೀವು ಚನ್ನಪಟ್ಟಣದಲ್ಲಿ ಕೂತು ತಪ್ಪಿದ್ರೆ ಏನ್ ಮಹಾ."

ಅವಳು ಹೊರಗೆ ಜಗುಲಿಗೆ ಬಂದು, ಎರಡು ಮೀನುಗಳನ್ನೂ ಎತ್ತಿ ಹಿಡಿದಳು. ಮೀನು ತಿನ್ನಲು ಬಂದಿದ್ದವರೆಲ್ಲ ಮೀನಿನ ಪಾಠಕ್ಕೆ ಕುಳಿತರು.

"ನೋಡಿ, ಈ ದೊಡ್ಡದು ಸಾಗರದ ಮ್ಯಾಂಟಾ. ಒಂದು ಕಡೆ ನಿಲ್ಲೋದಿಲ್ಲ, ಸಮುದ್ರ ಸಮುದ್ರ ಸುತ್ತುತ್ತೆ. ಇದರ ಬಾಯಿ ಸುತ್ತ ಕಪ್ಪು. ಈ ಚಿಕ್ಕದು ಹವಳದ ದಿಬ್ಬದ ಹತ್ರಾನೇ ಇರೋದು. ಇದರ ಬಾಯಿ ಬಿಳಿ. ನೀವು ಅದಲು ಬದಲು ಮಾಡಿದೀರಿ, ಅಷ್ಟೆ."

ಮರಿಯಪ್ಪ ಯೋಚಿಸಿದ. "ಅಂದ್ರೆ ಅಣ್ಣ ಲಾರಿ ಡ್ರೈವರು, ತಮ್ಮ ಊರಲ್ಲೇ ಇರೋನು ಅಂತೀಯ."

"ಹಂಗೇ ಅನ್ಕೊಳ್ಳಿ."

"ಊರೂರು ತಿರುಗೋನ ಬಾಯಿ ಕಪ್ಪಾಗೋದು ಸಹಜ. ಬೀಡಿ" ಎಂದು ಅವನು ಷಡ್ಡಕನಿಗೆ ವಿವರಿಸಿದ.

"ಕೊಂಬು ಹಾಯ್ತದಾ?" ಎಂದಳು ಶಿವಲಿಂಗಮ್ಮ.

"ಇಲ್ಲಮ್ಮ. ಅದು ಕೊಂಬಲ್ಲ, ಊಟ ಬಾಯೊಳಗೆ ದೂಡಿಕೊಳ್ಳೋಕೆ. ಎರಡೂ ಸಾಧು. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಸೋಸಿಕೊಂಡು ತಿಂತವೆ. ಚುಚ್ಚೋ ಮುಳ್ಳೂ ಇಲ್ಲ. ದೊಡ್ಡದಕ್ಕೆ ಮಾತ್ರ ಬಾಲದ ಬುಡದಲ್ಲಿ ಹಿಂದಿದ್ದ ಮುಳ್ಳಿನ ಗುರುತಾಗಿ ಒಂದು ಸಣ್ಣ ಗುಬಟು ಇರುತ್ತೆ."

"ಇವೆರಡರ ಮಧ್ಯೆ ಹೆಣ್ಣು ಕೊಟ್ಟು ತರೋದು ಉಂಟಾ?" ಇದು ಚಿಕ್ಕಮ್ಮನ ಪ್ರಶ್ನೆ.

"ಸಾಮಾನ್ಯವಾಗಿ ಇಲ್ಲಜ್ಜಿ. ಅದಕ್ಕೇ ಬೇರೆ ಬೇರೆ ಜಾತಿ ಅಂದಿದ್ದು. ಹತ್ತಿರದ ದಾಯಾದಿಗಳು, ಆದ್ರೆ ಬೇರೆ ಮನೆ." ಸುಹಾನಾ ಮೀನನ್ನು ಮಗುಚಿ ಬಿಳಿಯ ಹೊಟ್ಟೆ ತೋರಿಸಿದಳು. "ಇಲ್ಲಿ ಚುಕ್ಕೆ ಇರುತ್ತೆ. ದೊಡ್ಡದಕ್ಕೆ ಕೆಳಹೊಟ್ಟೆಯಲ್ಲಿ, ಚಿಕ್ಕದಕ್ಕೆ ಕಿವಿರುಗಳ ಮಧ್ಯೆನೂ ಇರುತ್ತೆ. ಒಂದು ಮೀನಿನ ಚುಕ್ಕೆ ಇನ್ನೊಂದಕ್ಕಿರಲ್ಲ, ನಮ್ಮ ಹೆಬ್ಬೆಟ್ಟಿನ ಗೆರೆ ಥರ. ನಾನು ಚುಕ್ಕೆ ನೋಡೇ ಹೆಸರಿಟ್ಟು ಕರೀತೀನಿ. ಹೆಣ್ಣು ಮ್ಯಾಂಟಾ ವರ್ಷಗಟ್ಟಲೆ ಕಾದು ಒಂದೇ ಒಂದು ಮರಿ ಹಾಕುತ್ತೆ. ಜನ ಹಿಡಿದು ಹಿಡಿದು ಕಡಿಮೆಯಾಗ್ತಾ ಇವೆ. ಮಕ್ಕಳು ಇದನ್ನ ಕೈಯಲ್ಲಿ ಹಿಡಿದ್ರೆ ಇದರ ಮೇಲೆ ಪ್ರೀತಿ ಹುಟ್ಟುತ್ತೆ ಅಂತ ಈ ಆಟಿಕೆ."

ಶಿವಲಿಂಗಮ್ಮ ಮಸಾಲೆಯ ಬಕೆಟ್ಟನ್ನು ಮೆಲ್ಲಗೆ ಸೆರಗಿನ ಹಿಂದೆ ಸರಿಸಿದಳು.

"ಇಷ್ಟೆಲ್ಲ ಸರಿ ಮಾಡೋಕೆ ಆಗುತ್ತಾ?" ಎಂದಳು ಭಾನುಪ್ರಿಯ. ಮುನಾವರ್ ಕುಕ್ಕೆಗಳ ಕಡೆ ನೋಡಿ, ತನ್ನ ಕೈಗಳ ಕಡೆ ನೋಡಿ, ತಲೆ ತಗ್ಗಿಸಿದ. "ನಾಕು ಜನಕ್ಕೆ ಒಂದು ವಾರದ ಕೆಲ್ಸ ಮೇಡಂ."

ಮರಿಯಪ್ಪ ಎದ್ದು ನಿಂತ. ಅಂಗಳವನ್ನು ಒಮ್ಮೆ ಕಣ್ಣಲ್ಲೇ ಎಣಿಸಿದ. "ನಾಕು ಜನ ಯಾಕೆ? ಇಲ್ಲಿ ಒಂದ್ ಟೆಂಪೋ ಜನ ಅವ್ರೆ. ಉಣ್ಣಾಕೆ ಬಂದೋರು ಸುಮ್ನೆ ಹೋದ್ರೆ ನಮ್ಮ ಉಯ್ಯಂಬಳ್ಳಿಗೆ ಮರ್ಯಾದೆ ಅಲ್ಲ. ಏನ್ ಮಾಡ್ಬೇಕು ಹೇಳು ಮುನಾವರಪ್ಪ."

ಆಮೇಲೆ ಆ ಅಂಗಳದಲ್ಲಿ ನಡೆದದ್ದನ್ನು ಚನ್ನಪಟ್ಟಣದ ಬೊಂಬೆಯ ಚರಿತ್ರೆಯಲ್ಲಿ ಯಾರೂ ಬರೆದಿಲ್ಲ, ಬರೆಯಬೇಕಾಗಿತ್ತು. ಗಂಡಸರು ಚಾಪೆ ಹಾಸಿ ಕುಳಿತು ಸ್ಯಾಂಡ್ ಪೇಪರಿನಿಂದ ಬಾಯಿಗಳನ್ನು ಉಜ್ಜಿ ಅಳಿಸಿದರು. ಮರಿಯಪ್ಪ ಒಂದೊಂದು ಬಾಯಿಯನ್ನೂ ಎತ್ತಿನ ಹಲ್ಲು ನೋಡುವ ಹಾಗೆ ಬೆಳಕಿಗೆ ಹಿಡಿದು ಪಾಸು ಮಾಡುತ್ತಿದ್ದ. ಬಣ್ಣದ ಹೆಂಗಸರು ದೊಡ್ಡದಕ್ಕೆ ಕಪ್ಪು, ಚಿಕ್ಕದಕ್ಕೆ ಬಿಳಿ ಬಳಿದರು. ಬಾಲದ ಗುಬಟಿಗೆ, ಸರ ಪೋಣಿಸಲೆಂದು ಹಿಂದೆ ಕಡೆದು ಮಾರಾಟವಾಗದೆ ಬಿದ್ದಿದ್ದ ಸಣ್ಣ ಮಣಿಗಳು ಒದಗಿದವು. ಅವನ್ನು ಅಂಟಿಸುವ ಕೆಲಸ ಐಸಿನವನದು. ಕೈ ತಣ್ಣಗಿದ್ದರೆ ಅಂಟು ಬೇಗ ಹಿಡಿಯುತ್ತದೆ ಎಂದು ಅವನೇ ಹೇಳಿಕೊಂಡ, ನಿಜವೋ ಸುಳ್ಳೋ.

ಚುಕ್ಕೆ ಇಡುವ ಸರದಿ ಬಂದಾಗ ಕುಂಚ ಹಿಡಿದು ಅಭ್ಯಾಸವಿಲ್ಲದ ಶಿವಲಿಂಗಮ್ಮ ಹಿಂದೆಗೆದಳು. "ಹೆಂಗಿಟ್ರೂ ನಡೆಯುತ್ತೆ ಅತ್ತೆ, ಒಂದರಂತೆ ಒಂದು ಇರಬಾರದು ಅಷ್ಟೆ" ಎಂದಳು ಸುಹಾನಾ. ಆಮೇಲೆ ಕೇಳಬೇಕೆ. ಶಿವಲಿಂಗಮ್ಮ ರಂಗೋಲಿಯ ಚುಕ್ಕೆ ಇಟ್ಟಳು. ಪಕ್ಕದಲ್ಲಿ ಕುಳಿತ ಅಕ್ಬರಿ ಬೇಗಂ ಮೆಹಂದಿಯ ಚುಕ್ಕೆ ಇಟ್ಟರು. ಇಬ್ಬರೂ ಒಬ್ಬರ ಮೀನನ್ನು ಇನ್ನೊಬ್ಬರು ಓರೆಗಣ್ಣಿನಿಂದ ನೋಡುತ್ತ, ಮಧ್ಯಾಹ್ನದ ಹೊತ್ತಿಗೆ ಒಬ್ಬರ ಸೊಸೆಯ ದೂರನ್ನು ಇನ್ನೊಬ್ಬರಿಗೆ ಹೇಳುವಷ್ಟು ಹತ್ತಿರವಾದರು.

ರಾಮಲಿಂಗಯ್ಯ ಸಾಹೇಬರು ಬಹಳ ಹೊತ್ತು ಜೀಪಿಗೆ ಒರಗಿ ನಿಂತಿದ್ದರು. ಆಮೇಲೆ ಸುಹಾನಾಳ ಬಳಿ ಬಂದು ಮೆಲುದನಿಯಲ್ಲಿ, "ಅಮ್ಮ, ದೊಡ್ಡದಕ್ಕೆ ಕಪ್ಪು ಅಂದ್ರಲ್ಲ, ಅದು ಯಾಕೆ?" ಎಂದು ಕೇಳಿದರು.

"ಅದು ಇನ್ನೂ ನಮಗೂ ಸರಿಯಾಗಿ ಗೊತ್ತಿಲ್ಲ ಸರ್."

ಸಾಹೇಬರಿಗೆ ಎಷ್ಟೋ ಸಮಾಧಾನವಾಯಿತು. ಡ್ರೈವರನ್ನು ಕರೆದು ತಮ್ಮ ಜೇಬಿಗೇ ಕೈಹಾಕಿ, ಕೆರೆಯ ಬಳಿ ಬಲೆ ಎಳೆಯುವವರಿಂದ ಕಾಟ್ಲಾ ತರಲು ಕಳಿಸಿದರು. ಆ ಮಸಾಲೆ ಹಾಳಾಗಲಿಲ್ಲ. ಶಿವಲಿಂಗಮ್ಮನ ಮುದ್ದೆ, ಅಕ್ಬರಿ ಬೇಗಂ ಮನೆಯ ಅಕ್ಕಿ ರೊಟ್ಟಿ, ಕಾಟ್ಲಾ ಸಾರು. ಬಣ್ಣದ ಕೈಯಲ್ಲೇ ಬೀದಿಯ ಜನರೆಲ್ಲ ಉಂಡರು. ನಟರಾಜು ಬಡಿಸುತ್ತ ಓಡಾಡಿದ. ಪ್ರತಿಯೊಬ್ಬರ ಎಲೆಯ ಮುಂದೆ ಏನೋ ಹೇಳಬೇಕೆಂದು ನಿಲ್ಲುತ್ತಿದ್ದ. ಆಮೇಲೆ ಇನ್ನೊಂದು ತುಂಡು ಹಾಕಿ ಮುಂದೆ ಹೋಗುತ್ತಿದ್ದ. ಮುನಾವರ್‌ನ ಎಲೆಗೆ ಎಷ್ಟು ತುಂಡು ಬಿದ್ದವೆಂದರೆ ಅವನು ಎರಡೂ ಕೈ ಅಡ್ಡ ಹಿಡಿದು, "ಸಾರ್, ಬಸ್ ಹತ್ತಲ್ಲ, ಬಿಡಿ ಸಾರ್" ಎನ್ನಬೇಕಾಯಿತು.

ದೀಪ ಹಚ್ಚುವ ಹೊತ್ತಿಗೆ ಕೊನೆಯ ಕುಕ್ಕೆ ತುಂಬಿತು. ಸುಹಾನಾ ಒಂದೊಂದೂ ಕುಕ್ಕೆಯಿಂದ ಕೈಗೆ ಬಂದದ್ದನ್ನು ಎತ್ತಿ ನೋಡಿ, ತಾನು ಅಂದುಕೊಂಡಿದ್ದಕ್ಕಿಂತ ಚೆಂದವಿದೆ ಎಂದಳು. ಬೇಸಿಗೆಗೆ ಆಮೆಗಳೂ ಬೇಕಾಗಬಹುದು ಎಂದು ಭಾನುಪ್ರಿಯ ಹೇಳಿದಾಗ ನಟರಾಜು ಸ್ಟೂಲು ಎಳೆದುಕೊಂಡು ಅವಳೆದುರು ಕುಳಿತ. "ಆಮೆ ಹೆಂಗಿರ್ತದೆ, ಮೊದಲ್ನಿಂದ ಹೇಳಿ ಮೇಡಂ" ಎಂದ.

ಮರುದಿನ ವ್ಯಾನು ಬಂದು ಮೀನುಗಳನ್ನು ಒಯ್ದ ಮೇಲೆ ನಟರಾಜು ಬಸ್‌ಸ್ಟ್ಯಾಂಡಿಗೆ ಹೋದ. ಟೆಂಪೋ ಹಿಂದಿನ ರಾತ್ರಿಯೇ ಉಳಿದವರನ್ನೆಲ್ಲ ಕರೆದುಕೊಂಡು ಹೋಗಿತ್ತು. ಮೀನುಗಳನ್ನು ವ್ಯಾನಿಗೆ ಹತ್ತಿಸಿಯೇ ಹೋಗುತ್ತೇನೆಂದು ಹಟ ಹಿಡಿದು ಉಳಿದಿದ್ದ ಮರಿಯಪ್ಪ ಕನಕಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಿದ್ದ. ಅವನ ಉಗುರುಗಳಲ್ಲಿ ಇನ್ನೂ ಕರಿ ಬಣ್ಣವಿತ್ತು. ಉಡುಗೊರೆಯೆಂದು ಕೊಟ್ಟ ಒಂದು ದೊಡ್ಡದು, ಒಂದು ಚಿಕ್ಕದು ತೊಡೆಯ ಮೇಲಿದ್ದವು.

"ಭಾವ, ನೀವೆಲ್ಲ ಬರ್ದೇ ಇದ್ದಿದ್ರೆ..." ಎಂದು ಕಿಟಕಿಯ ಕೆಳಗೆ ನಿಂತ ನಟರಾಜು ಶುರು ಮಾಡಿದ.

"ಬುಡಪ್ಪ" ಎಂದ ಮರಿಯಪ್ಪ. ಹೆಣ್ಣು ಕೊಟ್ಟು ಇಷ್ಟು ವರ್ಷವಾದರೂ ಅವನು ನಟರಾಜುವಿನ ಭುಜ ಮುಟ್ಟಿರಲಿಲ್ಲ. ಈಗ ಕಿಟಕಿಯಿಂದ ಕೈ ಚಾಚಿ ಒಮ್ಮೆ ತಟ್ಟಿದ.

ಪಕ್ಕದ ಸೀಟಿನವನು ಮರಿಯಪ್ಪನ ತೊಡೆಯ ಮೇಲಿನದನ್ನು ಬಗ್ಗಿ ನೋಡಿದ. "ಇದೇನಣ್ಣ, ಮೀನಾ? ತಿನ್ನಾಕೆ ಹೆಂಗಿರ್ತದೆ?"

ಮರಿಯಪ್ಪ ಎರಡನ್ನೂ ಎತ್ತಿ, ಹೊಟ್ಟೆಯ ಚುಕ್ಕೆ ಕಾಣುವಂತೆ ಅವನ ಮುಂದೆ ಹಿಡಿದ.

"ತಿನ್ನಂಗಿಲ್ಲ ಕಣಪ್ಪ. ಇದ ನೋಡಿ, ಹೆಸ್ರು ಮಡಗಿ, ಬುಟ್ಬುಡ್ಬೇಕು. ನಮ್ಮ ತಂಗಿ ಗಂಡ ಮಾಡ್ತಾನೆ. ನೋಡು, ಅಲ್ಲಿ ನಿಂತವ್ನಲ್ಲ, ಅವ್ನೇ."

ಬಸ್ಸು ಹೊರಟಿತು. ನಟರಾಜು ಧೂಳಿನ ನಡುವೆ ನಿಂತು ಕೈ ಮುಗಿದ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಮುಗಿದ ಕೈ ಹಾಗೆಯೇ ಇತ್ತು.